ಶೆಡ್ಡಿನಲ್ಲೊಂದು ಬಾಣಂತನ

ನಮ್ಮ ಶಾಲೆಯ ಸ್ಟಾಫ್ ರೂಮಿನ ಕಪಾಟಿನಲ್ಲಿ ದಪ್ಪನೆಯ ಇಂಗ್ಲಿಷ್ ಶಬ್ದಕೋಶವೊಂದಿದೆ. ನನ್ನನ್ನು ಬಿಟ್ಟರೆ ಅದನ್ನು ಮುಟ್ಟುವುದು ಗೆದ್ದಲು ಮಾತ್ರ. ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ, ಎಲ್ಲರೂ ಪರೀಕ್ಷೆಯ ಪೇಪರು ತಿದ್ದುತ್ತಾ ಕುಳಿತಿದ್ದಾಗ, ನಾನು ಅದನ್ನು ಕೆಳಗಿಳಿಸಿ ಧೂಳು ಕೊಡವಿ ಒಂದೇ ಒಂದು ಪದ ಹುಡುಕಿದೆ. ಶೆಡ್. ಇಂಗ್ಲಿಷ್ ಕಲಿಸುವವಳಿಗೆ ಇಷ್ಟು ಸಣ್ಣ ಪದದ ಅರ್ಥ ಗೊತ್ತಿಲ್ಲವೇ ಎಂದು ನೀವು ಕೇಳಬಹುದು. ಚೆನ್ನಾಗಿಯೇ ಗೊತ್ತಿತ್ತು, ನಾನು ಅದರೊಳಗೇ ಬಾಳುತ್ತಿದ್ದೆ. ಆದರೆ ಆ ದಿನ ನನಗೆ ಆ ಪದದ ಮೇಲೆಯೇ ಸಿಟ್ಟು ಬಂದಿತ್ತು. ಯಾರು ಹುಟ್ಟಿಸಿದರು ಇದನ್ನು, ತಲೆಯಲ್ಲಿ ಏನಿಟ್ಟುಕೊಂಡು ಹುಟ್ಟಿಸಿದರು ಎಂದು ತಿಳಿಯಬೇಕಿತ್ತು.

ಬಹುಶಃ ಇದು ‘ಶೇಡ್’ ಎಂಬ ಪದದ್ದೇ ಇನ್ನೊಂದು ರೂಪ ಎಂದು ಶಬ್ದಕೋಶ ಹೇಳಿತು. ಶೇಡ್ ಎಂದರೆ ನೆರಳು. ಬಿಸಿಲಿಗೆ ಮಳೆಗೆ ಮರೆಯಾಗಿ ಎಬ್ಬಿಸಿದ ಹಗುರವಾದ ಮಾಡು ಎಂದು ಅರ್ಥ ಕೊಟ್ಟು, ಅದರಲ್ಲಿ ಏನೇನು ಇಡುತ್ತಾರೆ ಎಂದೂ ಹೇಳಿತ್ತು: ದನ, ಬಂಡಿ, ಸಾಮಾನು, ಯಂತ್ರ. ಬೆರಳಿಟ್ಟು ಓದಿದೆ. ಮನುಷ್ಯರು ಇರುವುದಕ್ಕೆ ಎಂದು ಎಲ್ಲೂ ಇರಲಿಲ್ಲ. ಬಾಣಂತಿ ಮತ್ತು ಹಸುಗೂಸು ಎಂದಂತೂ ಇರಲೇ ಇಲ್ಲ. ನಾನು ಪುಸ್ತಕ ಮುಚ್ಚಿ ಒಬ್ಬಳೇ ನಕ್ಕೆ.

ಎದುರಿಗೆ ಕುಳಿತಿದ್ದ ಗಣಿತದ ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. “ಯಾಕ್ರಿ ಟೀಚರ, ಏನಾತ್ರಿ?”

“ಏನಿಲ್ರಿ ಸರ್. ಇಂಗ್ಲಿಷರು ಭಾಳ ಶ್ಯಾಣ್ಯಾ ಮಂದಿ ಅದಾರ.”

ಅಳು ಬರಬಾರದೆಂದು ನಕ್ಕಿದ್ದೆ. ಆ ಹೊತ್ತಿಗೆ ಹೊಳೆಯಾಚೆ, ತಗಡಿನ ಶೆಡ್ಡೊಂದರಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ ನನ್ನ ತಂಗಿಯ ಕೂಸು ಮಲಗಿತ್ತು. ಹುಟ್ಟಿ ಇನ್ನೂ ಹೊಕ್ಕುಳ ಸರಿಯಾಗಿ ಮಾಯ್ದಿರಲಿಲ್ಲ. ದಿನದಿಂದ ದಿನಕ್ಕೆ ಅದು ಹಾಲು ಕುಡಿಯುವುದು ಕಡಿಮೆಯಾಗುತ್ತಿತ್ತು, ಅಳುವುದೂ ಕಡಿಮೆಯಾಗುತ್ತಿತ್ತು. ಅಳು ಕಡಿಮೆಯಾದದ್ದಕ್ಕೆ ಅವ್ವ “ಶ್ಯಾಣ್ಯಾ ಕೂಸು” ಎಂದು ಹೊಗಳುತ್ತಿದ್ದಳು. ಅದು ಉಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು.

ನಮ್ಮೂರು ರಾಯಬಾಗ ತಾಲೂಕಿನ ಅಂಚಿಗೆ, ಕೃಷ್ಣೆಯ ದಂಡೆಯಲ್ಲಿದೆ. ನಾನು ಸೇತುವೆ ದಾಟಿ ಅಥಣಿ ಕಡೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಅತಿಥಿ ಶಿಕ್ಷಕಿ. ಅತಿಥಿ ಎಂಬ ಪದದ ಬಗ್ಗೆಯೂ ಬರೆಯಬಹುದು, ಆದರೆ ಅದು ಬೇರೆ ಸಿಟ್ಟು. ಹೊಳೆ ಉಕ್ಕಿ ಊರೊಳಗೆ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದ. ಉಳಿದವರು ಅವ್ವ, ನಾನು, ತಂಗಿ. ತಂಗಿಯನ್ನು ನಿಪ್ಪಾಣಿ ಕಡೆಯ ಅಕ್ಕೋಳಕ್ಕೆ ಕೊಟ್ಟಿದ್ದೆವು.

ಹೊಳೆ ಬಂದ ವರ್ಷ ನಮ್ಮ ಮನೆ ಬಿದ್ದಿತು. ನೀರು ಬಂದಾಗ ಬೀಳಲಿಲ್ಲ, ನೀರು ಇಳಿದ ಮೇಲೆ ಬಿತ್ತು. ಮಣ್ಣಿನ ಮನೆಗಳು ಹಾಗೆಯೇ. ನೀರೊಳಗೆ ನಿಂತಿರುತ್ತವೆ, ಬಿಸಿಲು ಬಿದ್ದು ಗೋಡೆ ಒಣಗತೊಡಗಿದಾಗ, ನಾವು ಬದುಕಿದೆವು ಎಂದು ಕಸಬರಿಗೆ ಹಿಡಿದು ಒಳಗೆ ಹೋಗುವ ಹೊತ್ತಿಗೆ ಕುಸಿಯುತ್ತವೆ. ಕೈ ಚಾಚಿದರೂ ಅಳತೆಗೆ ಸಿಗದಷ್ಟು ದಪ್ಪ ಗೋಡೆ, ಮೇಲೆ ಮಣ್ಣು ಮೆತ್ತಿದ ಮೇಲ್ಮುದ್ದೆ. ಮೇ ತಿಂಗಳಲ್ಲೂ ನಡುಮನೆಯ ನೆಲಕ್ಕೆ ಬೆನ್ನು ಹಚ್ಚಿದರೆ ತಣ್ಣಗೆ ಎನಿಸುತ್ತಿತ್ತು. ಆ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ನಾನು ಹುಟ್ಟಿದ್ದೆ, ತಂಗಿ ಹುಟ್ಟಿದ್ದಳು, ನಮ್ಮ ಸೋದರತ್ತೆಯರು ಬಂದು ಹಡೆದು ಹೋಗಿದ್ದರು.

ಬಿದ್ದ ಮೇಲೆ ಊರಿನ ಅರ್ಧ ಮಂದಿಯೊಂದಿಗೆ ನಾವೂ ಎತ್ತರದ ಗಾವಠಾಣಕ್ಕೆ, ಅಂದರೆ ಸರಕಾರ ವಸತಿಗೆಂದು ಕೊಟ್ಟ ಜಾಗಕ್ಕೆ, ಬಂದೆವು. ಒಂದರ ಪಕ್ಕಕ್ಕೊಂದು ಒತ್ತಿ ನಿಂತ ತಗಡಿನ ಶೆಡ್ಡುಗಳು. ನಾಲ್ಕು ಕಡೆಗೆ ತಗಡು, ಮೇಲೆ ತಗಡು, ಒಂದು ಬಾಗಿಲು, ಹಿಂದುಗಡೆ ಎತ್ತಿ ಕಟ್ಟಬಹುದಾದ ಒಂದು ತಗಡಿನ ಕಿಟಕಿ. ನೆಟ್ಟ ಗಿಡಗಳನ್ನೆಲ್ಲ ಆಡುಗಳು ತಿಂದಿದ್ದವು. ಬದಿಗೇ ಹೊಸ ಮನೆಯ ಬುನಾದಿ ಹಾಕಿದೆವು. ಅದು ಬುನಾದಿಯಾಗಿಯೇ ಉಳಿಯಿತು. ಈಗ ಅದರ ಕಟ್ಟೆಯ ಮೇಲೆ ಅವ್ವ ಶಾವಿಗೆ ಒಣಹಾಕುತ್ತಾಳೆ. ಒಂದು ವರ್ಷದ ಮಟ್ಟಿಗೆ ಎಂದು ಬಂದವರು ನಾವು. ಹಾಗೆ ಹೇಳಿದ ಸಾಹೇಬರಿಗೆ ಆಮೇಲೆ ವರ್ಗವಾಯಿತು, ನಮಗೆ ಆಗಲಿಲ್ಲ.

ಶೆಡ್ಡು ಎಂಬ ಈ ಪದ ನಮ್ಮ ಮನೆಯೊಳಗೆ ಹೇಗೆ ಬಂತೆಂದು ಬಸ್ಸಿನಲ್ಲಿ ಕುಳಿತು ಎಷ್ಟೋ ಸಲ ಯೋಚಿಸಿದ್ದೇನೆ. ಮೊದಲು ಅದನ್ನು ತಂದವನು ನಮ್ಮ ಮುತ್ಯಾ, ಅಪ್ಪನ ಅಪ್ಪ. ಮಿರಜ ಸ್ಟೇಶನ್ನಿನಲ್ಲಿ ರೈಲಿನ ಎಂಜಿನ್ನು ನಿಲ್ಲುವ ಶೆಡ್ಡು ನೋಡಿ ಬಂದು ಊರಿಗೆಲ್ಲ ವರ್ಣಿಸಿದ್ದನಂತೆ. ಆಮೇಲೆ ದನದ ಮೇಲೆ ತಗಡು ಹಾಕಿದರು, ಅದು ದನದ ಶೆಡ್ಡಾಯಿತು. ಟ್ರ್ಯಾಕ್ಟರ್ ಬಂತು, ಅದಕ್ಕೊಂದು ಶೆಡ್ಡು. ಕೋಳಿಗೆ ಶೆಡ್ಡು. ಅಥಣಿಯ ಕಡೆ ದ್ರಾಕ್ಷಿ ಬೆಳೆದರು, ಅದನ್ನು ಒಣಗಿಸಿ ಮಣೂಕ ಮಾಡುವುದಕ್ಕೆ ಉದ್ದುದ್ದನೆಯ ಶೆಡ್ಡು. ಎಲ್ಲರದೂ ಆದ ಮೇಲೆ ಸರದಿ ನಮ್ಮದಾಯಿತು.

ತಂಗಿಗೆ ದಿನ ತುಂಬುತ್ತ ಬಂದಾಗ ಅಕ್ಕೋಳದಿಂದ ಅವಳ ಅತ್ತೆ ಫೋನು ಮಾಡಿದರು. ಅವರದು ಕಲ್ಲಿನ ಗೋಡೆಯ ಹಳೆಯ ಮನೆ. ಹಿಂದೆ ತಂಬಾಕು ತುಂಬಿಡುತ್ತಿದ್ದ ಕೋಣೆಗಳು ಈಗ ಖಾಲಿ ಇದ್ದವು, ತಂಪಾಗಿದ್ದವು. “ಬ್ಯಾಸಿಗಿ ಐತ್ರಿ, ನಿಮ್ಮಲ್ಲಿ ಜಾಗಾ ಇಕ್ಕಟ್ಟ. ಬಾಣಂತನ ಇಲ್ಲೇ ಆಗ್ಲಿ. ನೀವ ಇಲ್ಲಿ ಬಂದ ಇರ್ರಿ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅದೇ ತಪ್ಪಾಯಿತು. ಇಕ್ಕಟ್ಟು ಎಂಬ ಮಾತು ಅವ್ವನ ಎದೆಗೆ ನಾಟಿತು.

“ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು” ಎಂದಳು ಅವ್ವ, ಫೋನು ಇಟ್ಟ ಮೇಲೆ, ನನಗೆ. “ತಂಬಾಕದ ಘಾಟಿನ್ಯಾಗ ನನ್ನ ಮಗಳ ಮಲಗಬೇಕೇನ? ಹೊಳ್ಯಾಗ ಮನಿ ಹೋಗೇತಿ, ನಾ ಹೋಗಿಲ್ಲ.”

“ಅವ್ವಾ, ಅವರು ತಪ್ಪ ತಿಳಕೊಳ್ಳೂದಿಲ್ಲ.”

“ಅವರು ತಿಳಕೊಳ್ಳೂದಿಲ್ಲ. ಮಂದಿ?”

ಯಾವ ಮಂದಿ? ಆ ಗಾವಠಾಣದಲ್ಲಿ ಮಂದಿಯೆಲ್ಲ ತಂತಮ್ಮ ತಗಡಿನೊಳಗೆ ಬೇಯುತ್ತಿದ್ದರು, ಯಾರಿಗೂ ನಮ್ಮನ್ನು ಆಡಿಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ. ಆದರೂ ನಮ್ಮ ಕಡೆ ಚೊಚ್ಚಲಿಗೆ ಮಗಳನ್ನು ಕರೆತರದಿದ್ದರೆ ಆ ಹೆಣ್ಣಿಗೆ ತವರಿಲ್ಲ ಎಂದೇ ಲೆಕ್ಕ. ಅವ್ವ ಎಲ್ಲ ಕಳೆದುಕೊಂಡಿದ್ದಳು. ಈ ಒಂದು ಮಾತನ್ನು ಕಳೆದುಕೊಳ್ಳಲು ತಯಾರಿರಲಿಲ್ಲ. ಮಾರ್ಚ್ ತಿಂಗಳಲ್ಲಿ ತಂಗಿ ಕಲ್ಲಿನ ಮನೆಯಿಂದ ತಗಡಿನ ಮನೆಗೆ ಬಂದಳು. ಹೊಸ ಸೀರೆ ಉಟ್ಟಿದ್ದಳು, ಕೈತುಂಬ ಹಸಿರು ಬಳೆ ಇದ್ದವು.

ಹೆರಿಗೆ ದವಾಖಾನೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣು ಕೂಸು. ಮನೆಗೆ ಬಂದ ದಿನವೇ ಅವ್ವ ತನ್ನ ಅವ್ವನಿಂದ ಕಲಿತದ್ದನ್ನೆಲ್ಲ ಶುರುಮಾಡಿದಳು. ಶೆಡ್ಡಿನ ಹಿಂದಿನ ಅರ್ಧಕ್ಕೆ ಸೀರೆ ಕಟ್ಟಿ ಕೋಣೆ ಮಾಡಿದಳು. ಕಿಟಕಿಯ ತಗಡು ಇಳಿಸಿ ಸಂದಿಗಳಿಗೆ ಹಳೆಯ ಬಟ್ಟೆ ತುರುಕಿದಳು. ತಂಗಿಯ ಕಿವಿಗೆ ಅರಳೆ ಇಟ್ಟು ತಲೆಗೆ ಸ್ಕಾರ್ಫ್ ಬಿಗಿದಳು. ಕೂಸಿಗೆ ಕುಂಚಿಗೆ, ಮೇಲೊಂದು ದುಪಟಿ. ಎರಡು ಹೊತ್ತು ಸುಡುಸುಡು ನೀರು ಹಾಕಿ, ಮೀಸಿದ ಮೇಲೆ ಹೊರಸಿನ, ಅಂದರೆ ಹಗ್ಗದ ಮಂಚದ, ಕೆಳಗೆ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ ಸರಿಸುತ್ತಿದ್ದಳು. ಅದರ ಮೇಲೆ ಅಜವಾನದ ಹೊಗೆ. ಗಾಳಿ ಎಂಬುದು ಬಾಗಿಲ ಹೊರಗೆ ಕಾಯುತ್ತ ನಿಂತ ಕಳ್ಳನೆಂದು ಅವಳ ನಂಬಿಕೆ.

ಇದೆಲ್ಲ ಮೂಢತನ ಎಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಹಳೆಯ ಮನೆಯ ಕತ್ತಲೆ ಕೋಣೆಯಲ್ಲಿ ಅದಕ್ಕೆ ಅರ್ಥವಿತ್ತು. ಅಲ್ಲಿ ಗೋಡೆಯೇ ತಂಪು, ನೆಲವೇ ಥಂಡಿ, ಕೆಂಡ ಇಟ್ಟರೆ ಹಿತವೆನಿಸುತ್ತಿತ್ತು. ಹೊಳೆ ಗೋಡೆಗಳನ್ನು ಒಯ್ದಿತು. ಕೆಂಡದ ಬುಟ್ಟಿಯನ್ನು ನಾವು ಹೊತ್ತು ತಂದೆವು. ತಗಡಿನ ಕೆಳಗೆ, ಏಪ್ರಿಲ್ ತಿಂಗಳಲ್ಲಿ, ಬಾಗಿಲು ಮುಚ್ಚಿ ಕೆಂಡ ಇಟ್ಟರೆ ಅದು ಕೋಣೆಯಲ್ಲ, ಭಟ್ಟಿ.

ಮಧ್ಯಾಹ್ನ ತಗಡು ಟಣ್ ಟಣ್ ಎಂದು ಸದ್ದು ಮಾಡುತ್ತಿತ್ತು. ಗೋಡೆಗೆ ಕೈ ತಾಗಿದರೆ ಚುರುಕ್ಕೆನ್ನುತ್ತಿತ್ತು. ಕರೆಂಟು ಇದ್ದಾಗ ಫ್ಯಾನು ಹಾಕಲು ಅವ್ವ ಬಿಡಳು. ಅವಳು ಬಿಟ್ಟಾಗ ಕರೆಂಟು ಇರದು. ತಂಗಿಯ ಹಣೆಯ ಮೇಲಿನ ಬೆವರು ಸ್ಕಾರ್ಫಿನ ಅಂಚಿಗೆ ಸೇರಿ ಉಪ್ಪಿನ ಗೆರೆಯಾಗಿತ್ತು. “ಅಕ್ಕಾ, ಒಲಿಮ್ಯಾಲ ಮಲಗಿದಂಗ ಆಗೇತಿ” ಎಂದು ನನಗೆ ಮಾತ್ರ ಕೇಳುವಂತೆ ಹೇಳುತ್ತಿದ್ದಳು. ಅವ್ವ ಬಂದರೆ ಸುಮ್ಮನಾಗುತ್ತಿದ್ದಳು. ಕೂಸಿನ ಮೈಮೇಲೆ ಸಾಸಿವೆಯಂಥ ಬೊಕ್ಕೆ ಎದ್ದವು. ತುಟಿ ಒಣಗಿ ಸಿಪ್ಪೆ ಏಳತೊಡಗಿತು.

ನಾನು ಜಗಳ ತೆಗೆದೆ. ನನಗೆ ಜಗಳ ಬರುತ್ತದೆ, ಅದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಕೂಗಾಡಿದೆ, ಉಪವಾಸ ಕುಳಿತೆ. ಕೆಂಡದ ಬುಟ್ಟಿಯನ್ನು ಒಯ್ದು ಹೊರಗೆ ಸುರುವಿದೆ. ಅವ್ವ ಮತ್ತೆ ಕೆಂಡ ಮಾಡಿದಳು. “ನೀ ಹಡದಿಯೇನ? ಹಡದ ಮ್ಯಾಲ ಹೇಳಾಕ ಬಾ” ಎಂದಳು. ಮದುವೆಯಾಗದೆ ಮೂವತ್ತು ದಾಟಿದ ಮಗಳಿಗೆ ಹೇಳುವ ಮಾತೇ ಅದು?

ಜಗಳದಿಂದ ಆಗದ್ದನ್ನು ಬೇರೆ ದಾರಿಯಿಂದ ಮಾಡಲು ನೋಡಿದೆ. ಗೋಣಿತಟ್ಟುಗಳನ್ನು ತೋಯಿಸಿ ಮಾಡಿನ ಮೇಲೆ ಹಾಸಿದೆ. ಏಣಿ ಇಳಿಯುವುದರೊಳಗೆ ಒಣಗಿ ಹೋದವು. ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ತಂದು ದಪ್ಪಗೆ ಹೊದಿಸೋಣ ಎಂದು ಪಕ್ಕದ ಹೊಲದವರನ್ನು ಕೇಳಿ ಒಂದು ಬಂಡಿ ತರಿಸಿದೆ. ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಗುಡಿಸಲುಗಳು ಅದರಿಂದಲೇ ತಂಪಾಗಿರುತ್ತವೆ. ಆದರೆ ನಮ್ಮ ಶೆಡ್ಡುಗಳ ಸಾಲಿನ ಹಿರಿಯರೊಬ್ಬರು ಬಂದು ಬಂಡಿಯ ಮುಂದೆ ನಿಂತರು. ಹಿಂದಿನ ಬೇಸಿಗೆಯಲ್ಲಿ ಹೀಗೇ ರವದಿ ಹೊದಿಸಿದ ಒಂದು ಶೆಡ್ಡಿಗೆ ಕಿಡಿ ಬಿದ್ದು ಅಕ್ಕಪಕ್ಕದವೂ ಸುಟ್ಟಿದ್ದವು. “ನಿಮ್ಮ ಮನ್ಯಾಗ ಬಾಣಂತಿ ಬೆಂಕಿ ಬ್ಯಾರೆ ಐತಿ. ಬ್ಯಾಡವ್ವಾ ತಾಯಿ, ಎಲ್ಲಾರೂ ಸುಟ್ಟ ಹೋಗ್ತೀವಿ” ಎಂದು ಕೈ ಮುಗಿದರು. ಅವರದು ತಪ್ಪು ಎಂದು ಹೇಗೆ ಹೇಳಲಿ? ಬಂಡಿ ತಿರುಗಿ ಹೋಯಿತು.

ಅಥಣಿಯಲ್ಲಿ ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿ ತಮ್ಮ ಮನೆಯ ಕೆಳಗಿನ ಕೋಣೆ ಕೊಡುತ್ತೇನೆಂದರು. ಮರುದಿನ ಕಣ್ಣು ತಪ್ಪಿಸಿ, “ಅತ್ತಿ ಒಲ್ಲೆ ಅನ್ನಾಕತ್ತಾರ, ಪುರುಡು ಕಳದ ಮ್ಯಾಲ ಬರ್ಲಿ ಅಂತಾರ” ಎಂದರು. ಪುರುಡು ಕಳೆಯುವವರೆಗೆ ಕೂಸಿಗೆ ಉಸಿರು ಬಿಗಿಹಿಡಿದಿರಲು ಹೇಳಬೇಕಿತ್ತು ನಾನು.

ನನ್ನ ಬಸ್ಸು ಹೋಗುವ ದಾರಿಯಲ್ಲಿ ದ್ರಾಕ್ಷಿ ತೋಟಗಳಿವೆ. ಅಲ್ಲಿನ ಮಣೂಕದ ಶೆಡ್ಡುಗಳನ್ನು ವರ್ಷಗಟ್ಟಲೆ ನೋಡಿದ್ದೆ, ಆ ವಾರ ಹೊಟ್ಟೆಕಿಚ್ಚಿನಿಂದ ನೋಡಿದೆ. ಕಬ್ಬಿಣದ ಕಂಬಗಳ ನಡುವೆ ಒಂದರ ಮೇಲೊಂದು ಜಾಳಿಗೆಯ ಅಟ್ಟ, ಮೇಲೆ ಹೊದಿಕೆ, ಸುತ್ತಲೂ ಹಸಿರು ಪರದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿಯೇ ಕಟ್ಟುತ್ತಾರೆ. ದ್ರಾಕ್ಷಿಗೆ ನೇರ ಬಿಸಿಲು ತಾಗಬಾರದು. ತಾಗಿದರೆ ಬಣ್ಣ ಕೆಡುತ್ತದೆ, ವ್ಯಾಪಾರಿ ಮುಟ್ಟುವುದಿಲ್ಲ. ನೆರಳಿನಲ್ಲಿ, ಗಾಳಿಯಲ್ಲಿ, ನಿಧಾನವಾಗಿ ಒಣಗಬೇಕು. ಶಬ್ದಕೋಶದ ಶೆಡ್ಡು ಇಲ್ಲಿತ್ತು. ದ್ರಾಕ್ಷಿ ಅದರಲ್ಲಿ ಮಲಗಿತ್ತು.

ಒಂದು ದಿನ ಅರ್ಧ ದಾರಿಗೇ ಬಸ್ಸಿಳಿದೆ. ಆ ತೋಟದವರು ಜೈನರು, ನಮ್ಮವರೇ, ಬಸದಿಯ ಪೂಜೆಯಲ್ಲಿ ಮುಖಪರಿಚಯವಿತ್ತು. ನನಗೆ ನಾಚಿಕೆ ಎಂಬುದು ಉಳಿದಿರಲಿಲ್ಲ. “ಕಾಕಾ, ಮಧ್ಯಾಹ್ನದ ಹೊತ್ತಷ್ಟ ನಮ್ಮ ಬಾಣಂತಿ, ಕೂಸು ನಿಮ್ಮ ಶೆಡ್ಡಿನ್ಯಾಗ ಒಂದ ಮೂಲ್ಯಾಗ ಕೂತಿರತಾರ್ರಿ” ಎಂದೆ. ಅವರು ಒಳಗೆ ಹೋಗಿ ಹೆಂಡತಿಯನ್ನು ಕರೆದರು. ಆ ತಾಯಿ ನನ್ನ ಕೈ ಹಿಡಿದು ಕೂಡಿಸಿ ನೀರು ಕೊಟ್ಟರು.

“ಬ್ಯಾಡ ಅನ್ನೂದಿಲ್ಲವ್ವಾ” ಎಂದರು ಕಾಕಾ. “ಖರೆ ಇವತ್ತಿಂದ ಗಂಧಕದ ಹೊಗಿ ಕೊಡಾವ್ರ ಅದೇವಿ. ಬಣ್ಣ ಬರಾಕ ಕೊಡಲೇ ಬೇಕು. ತಾಡಪತ್ರಿ ಹಾಕಿ ಮುಚ್ಚಿ ಬಿಡ್ತೀವಿ. ದೊಡ್ಡ ಮನಷ್ಯಾನ ನಿಂದ್ರಾಕ ಆಗೂದಿಲ್ಲ, ಹಸೀ ಕೂಸಿನ್ನ ಹೆಂಗ ತರ್ತಿ? ಮುಂದಿನ ವಾರ ಮಾಲ ಇಳಸ್ತೀವಿ. ಆಗ ಪೂರಾ ಶೆಡ್ ನಿಂದ.”

ಮುಂದಿನ ವಾರ. ನಾನು ರಸ್ತೆಗೆ ಬಂದು ನಿಂತೆ. ಬಸ್ಸಿಗೆ ಕಾಯಲು ಅಲ್ಲಿ ಒಂದು ಗಿಡವೂ ಇರಲಿಲ್ಲ. ಹಿಂದೆ ತಿರುಗಿ ನೋಡಿದರೆ ಆಳುಗಳು ಹಸಿರು ಪರದೆಯ ಮೇಲೆ ನೀಲಿ ತಾಡಪತ್ರಿ ಎಳೆಯುತ್ತಿದ್ದರು. ದೇವರೇ, ಈ ಲೋಕದಲ್ಲಿ ಒಂದು ಮೊಳ ನೆರಳು ಸಿಗದೇ ಎಂದು ನಡುರಸ್ತೆಯಲ್ಲಿ ಗಟ್ಟಿಯಾಗಿಯೇ ಅಂದೆ.

ಆ ಸಂಜೆ ಅವ್ವ ಎಂದಿನಂತೆ ಹೊತ್ತು ಮುಳುಗುವ ಮೊದಲು ಉಣ್ಣಲು ಹೊರಗೆ ಕುಳಿತಿದ್ದಾಗ, ನಾನು ಹಿಂದಿನಿಂದ ಹೋಗಿ ಕಿಟಕಿಯ ತಗಡನ್ನು ಎತ್ತಿ ಕಟ್ಟಿದೆ. ಸ್ವಲ್ಪ ಗಾಳಿ ಒಳಗೆ ಹೋಯಿತು. ತಂಗಿ ಕಣ್ಣು ಮುಚ್ಚಿ ಅದನ್ನು ನೀರು ಕುಡಿದಂತೆ ಕುಡಿದಳು. ಅವ್ವ ಬಂದು ನೋಡಿದಳು. ಇಳಿಸಿ ಮತ್ತೆ ಬಟ್ಟೆ ತುರುಕಿದಳು.

ಮರುದಿನ ಭಾನುವಾರ. ಊಟದ ಹೊತ್ತಿಗೆ ತಂಗಿ ಕೂಸಿಗೆ ಹಾಲು ಕುಡಿಸಲು ಎತ್ತಿಕೊಂಡಳು. ಅದು ಏಳಲಿಲ್ಲ. ಪಾದಕ್ಕೆ ಬೆರಳು ಬಡಿದಳು, ಕಿವಿ ತಿಕ್ಕಿದಳು. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು. ನೆತ್ತಿ ಒಳಗೆ ಕುಸಿದಿತ್ತು. ಮುಂಜಾನೆಯಿಂದ ಬಟ್ಟೆ ಒದ್ದೆ ಮಾಡಿಲ್ಲ ಎಂಬುದು ಆಗ ತಂಗಿಗೆ ಹೊಳೆಯಿತು. ಅವಳು ಕಿರುಚಿದ ದನಿ ನನಗೆ ಈಗಲೂ ಬಸ್ಸಿನಲ್ಲಿ, ತರಗತಿಯಲ್ಲಿ, ಎಲ್ಲೆಂದರಲ್ಲಿ ಕೇಳುತ್ತದೆ. ನಾನು ಕುಂಚಿಗೆ ಕಿತ್ತೆಸೆದು ಕೂಸನ್ನು ಎತ್ತಿಕೊಂಡೆ. ಮೈ ಕಾದ ಹಂಚಿನಂತಿತ್ತು.

ಪಕ್ಕದ ಶೆಡ್ಡಿನವರು ಆಟೋ ತೆಗೆದರು. ಹೊಳೆಯ ಸೇತುವೆ ದಾಟುವಾಗ ಬೀಸಿದ್ದೂ ಬಿಸಿಗಾಳಿಯೇ. ತಂಗಿ ಸ್ಕಾರ್ಫ್ ಬಿಚ್ಚಿ ಬಾಟಲಿಯ ನೀರಿನಲ್ಲಿ ತೋಯಿಸಿ ಕೂಸಿನ ಮೈಗೆ ಸುತ್ತಿದಳು. ತಾನಾಗಿ ಅವಳು ಮಾಡಿದ ಮೊದಲ ಕೆಲಸ ಅದು. ಅವ್ವ ಎದುರು ಸೀಟಿನಲ್ಲಿ ನನ್ನನ್ನೇ ದಿಟ್ಟಿಸುತ್ತಿದ್ದಳು.

“ನಿನ್ನಿ ನೀನಽ ಖಿಡಕಿ ತಗದಿ. ಗಾಳಿ ಹೊಕ್ಕೈತಿ ಕೂಸಿಗೆ.”

ನಾನು ಕೂಸಿನ ಎದೆ ಏರಿಳಿಯುತ್ತದೆಯೇ ಎಂದು ನೋಡುವುದರಲ್ಲಿದ್ದೆ. ಒಂದೊಂದು ಸಲ ಇಳಿದದ್ದು ಏರುವವರೆಗೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಬದುಕಿಕೋ, ಬದುಕಿಕೋ ಎಂದು ಅದಕ್ಕೆ ಹೇಳುತ್ತಲೇ ಇದ್ದೆ. ಇನ್ನೂ ಹೆಸರಿಡದ ಕೂಸು. ಏನೆಂದು ಕೂಗಿ ಕರೆಯಬೇಕೆಂದೂ ತಿಳಿಯಲಿಲ್ಲ.

ಅಥಣಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಕೂಸನ್ನು ಕಸಿದುಕೊಂಡವರಂತೆ ಒಳಗೆ ಒಯ್ದರು. ಸಂಜೆಯವರೆಗೆ ನಾವು ಮೂವರು ಬಾಗಿಲ ಹೊರಗೆ ನೆಲದ ಮೇಲೆ ಕುಳಿತೆವು. ತಂಗಿಯ ಕುಪ್ಪಸ ಹಾಲಿನಿಂದ ತೋಯ್ದಿತ್ತು. ಕುಡಿಯಬೇಕಾದವಳು ಒಳಗೆ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು. ಆ ಮೂರು ತಾಸಿನಲ್ಲಿ ನಾನು ಕೂಸು ಸತ್ತಂತೆ ಎಷ್ಟು ಸಲ ಕಲ್ಪಿಸಿಕೊಂಡೆನೋ.

ಹೊತ್ತು ಇಳಿಯುವಾಗ ಒಳಗಿನಿಂದ ಒಂದು ಸಣ್ಣ ಅಳು ಕೇಳಿತು. ತಂಗಿ ಎದ್ದು ನಿಂತಳು. ಡಾಕ್ಟರಮ್ಮ ಹೊರಗೆ ಬಂದು ಅವ್ವನ ಮುಂದೆಯೇ ನಿಂತರು.

“ರೋಗ ಏನೂ ಇಲ್ರಿ. ಗಾಳಿ ಹೊಕ್ಕಿಲ್ಲ, ದೃಷ್ಟಿ ಆಗಿಲ್ಲ. ಝಳಕ್ಕ ಕೂಸಿನ ಮೈಯಾಗಿನ ನೀರ ಆರೇತಿ. ಮನಿ ಎಂಥಾದೈತಿ ನಿಮ್ಮದು?”

ನಾನೇ ಹೇಳಿದೆ. “ಶೆಡ್ ಐತ್ರಿ. ತಗಡಿಂದು.”

“ಕೂಸಿಗೆ ಔಷಧಿಗಿಂತ ನೆರಳ ಬೇಕಾಗೇತಿ. ತಿರುಗಿ ಆ ಶೆಡ್ಡಿಗೇ ಒಯ್ಯಾವರಿದ್ರ ಈಗ ಹೇಳ್ರಿ. ಇನ್ನೊಮ್ಮಿ ತಂದ್ರ ನನ್ನ ಕೈಯಾಗ ಏನೂ ಇರೂದಿಲ್ಲ.”

ಡಾಕ್ಟರಮ್ಮ ಹೋದರು. ಅವ್ವ ಗೋಡೆಗೆ ಆತು ಕುಳಿತಳು. ದವಾಖಾನೆಯದು ಹಳೆಯ ಕಟ್ಟಡ, ದಪ್ಪ ಗೋಡೆ. ಅವಳು ಅಂಗೈಯಿಂದ ಆ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅವಳ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ. ಏನಾದರೂ ಹೇಳಬೇಕೆನಿಸಿತು. ತಾಯಿ, ಊರು ಎರಡೂ ಕೂಡಿ ತವರು ಎಂಬ ಪದವಾಯಿತು ಎನ್ನುವವರಿದ್ದಾರೆ. ನಿಜವೋ ಸುಳ್ಳೋ, ಅದರಲ್ಲಿ ಗೋಡೆ ಇಲ್ಲ, ಮಾಡು ಇಲ್ಲ, ತಾಯಿ ಇದ್ದಾಳೆ. ಇದನ್ನೇ ಅವಳಿಗೆ ತಿಳಿಯುವಂತೆ ಹೇಳಿದೆ. ನೀನು ಅಕ್ಕೋಳಕ್ಕೆ ಹೋಗಿ ಕುಳಿತರೆ ಅದೇ ತವರು ಎಂದೆ.

“ನಿನ್ನ ಪುಸ್ತಕದ ಮಾತ ಪುಸ್ತಕದಾಗ ಇಡು” ಎಂದಳು. ಗೋಡೆಯಿಂದ ಕೈ ತೆಗೆದು, “ಬೀಗ್ತಿಗೆ ಫೋನ ಹಚ್ಚಿಕೊಡು” ಎಂದಳು.

ಹಚ್ಚಿಕೊಟ್ಟೆ. ಆ ಕಡೆ ಎತ್ತಿದರು. ಅವ್ವ ಸೆರಗು ಸರಿಮಾಡಿಕೊಂಡಳು, ಎದುರಿಗೇ ನಿಂತಿದ್ದಾರೆ ಎಂಬಂತೆ.

“ಅಕ್ಕಾರ, ನಾ ಮಾತಾಡಾಕತ್ತೀನ್ರಿ. ಕೂಸು ಸಣ್ಣಂಗ ಕಣ್ಣ ತಗದೈತ್ರಿ.” ಅಲ್ಲಿಗೆ ನಿಂತಳು. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದಳು. “ನನ್ನ ಮಗಳಿಗಿ ತವರಮನಿ ಇಲ್ರಿ. ಇದ್ದದ್ದು ಹೊಳ್ಯಾಗ ಹೋತ್ರಿ. ನಾ ಐತಿ ಅಂತ ಸುಳ್ಳ ಹೇಳಿ ಕರಕೊಂಡ ಬಂದಿದ್ದೆರಿ. ನಿಮ್ಮ ಸೊಸಿನ್ನ, ಮೊಮ್ಮಗಳನ್ನ ನೀವಽ ಕರಕೊಂಡ ಹೋಗ್ರಿ.”

ಆ ಕಡೆಯವರು ತುಂಬ ಹೊತ್ತು ಮಾತಾಡಿದರು, ಅವರೂ ಅಳುತ್ತಿದ್ದರೆಂದು ಕಾಣುತ್ತದೆ. ಅವ್ವ ಹೂಂ ಎನ್ನುತ್ತಲೇ ಇದ್ದಳು. ತಂಗಿ ನನ್ನ ಹೆಗಲ ಮೇಲೆ ತಲೆಯಿಟ್ಟಳು. ಆ ಮಾತು ಹೇಳಬಾರದಿತ್ತು ಅವ್ವಾ ಎಂದು ನನಗೆ ಕೂಗಬೇಕೆನಿಸಿತು. ಅವಳು ಅದನ್ನು ಒಪ್ಪಲೆಂದೇ ಅಷ್ಟು ದಿನ ಜಗಳವಾಡಿದವಳೂ ನಾನೇ.

ದವಾಖಾನೆಯಿಂದ ಕೂಸನ್ನು ಬಿಟ್ಟ ದಿನ ತಂಗಿಯ ಗಂಡ, ಅತ್ತೆ ಗಾಡಿ ತಂದರು. ಅವ್ವನೂ ಬರಬೇಕೆಂದು ಅತ್ತೆ ಕೈ ಹಿಡಿದು ಎಳೆದರು. ಅವ್ವ ಒಲ್ಲೆ ಎಂದಳು. ಮುಂಜಾನೆಯೇ ಊರಿಗೆ ಹೋಗಿ ಉಡಿ ಸಾಮಾನು ತಂದಿದ್ದಳು: ಅಕ್ಕಿ, ತೆಂಗಿನಕಾಯಿ, ಅರಿಷಿಣ ಕುಂಕುಮ, ಕುಪ್ಪಸದ ಒಂದು ಖಣ. ಮಗಳನ್ನು ತವರಿನ ಹೊಸ್ತಿಲ ಒಳಗೆ ನಿಲ್ಲಿಸಿ ಉಡಿ ತುಂಬಬೇಕು. ದವಾಖಾನೆಯ ಅಂಗಳದಲ್ಲಿ ಬೇವಿನ ಗಿಡವಿತ್ತು. ಅದರ ಕೆಳಗೆ ತಂಗಿಯನ್ನು ನಿಲ್ಲಿಸಿ ಅವ್ವ ಉಡಿ ತುಂಬಿದಳು. ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು, ಬಾಗಿ ಒಂದೊಂದೇ ಕಾಳು ಆರಿಸಿ ಹಾಕಿದಳು. ಕೂಸಿನ ಮುಖ ನೋಡಲಿಲ್ಲ. ತಂಗಿ ಎತ್ತಿ ತೋರಿಸಿದರೂ ನೋಡಲಿಲ್ಲ.

ಕೂಸು ಈಗ ಅಕ್ಕೋಳದಲ್ಲಿ ಗೋಡೆ ಹಿಡಿದು ನಡೆಯುತ್ತದೆ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳಬೇಕಾದದ್ದು ಅವರು ಹೋದ ಮರುದಿನದ್ದು.

ಶಾಲೆಗೆ ಸೂಟಿ ಬಿಟ್ಟಿತ್ತು, ಕೊನೆಯ ಕೆಲಸಗಳನ್ನು ಮುಗಿಸಿ ಬೇಗ ಬಂದೆ. ನಡು ಮಧ್ಯಾಹ್ನ. ಗಾವಠಾಣದಲ್ಲಿ ನಾಯಿಯೂ ಹೊರಗೆ ಇರಲಿಲ್ಲ. ನಮ್ಮ ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು. ಕಿಟಕಿ ಇಳಿಸಿತ್ತು, ಸಂದಿಗಳಿಗೆ ಬಟ್ಟೆ ತುರುಕಿತ್ತು. ಬಾಗಿಲ ಕೆಳಗಿನಿಂದ ಅಜವಾನದ ಹೊಗೆ ಬರುತ್ತಿತ್ತು. ಎರಡೂ ಕೈಯಿಂದ ತಗಡು ಬಡಿದೆ, ಕೈ ಸುಟ್ಟಿತು. ತುಂಬ ಹೊತ್ತಿಗೆ ಅವ್ವ ಚಿಲಕ ತೆಗೆದಳು.

ಅವ್ವ ತಲೆಗೆ ತಂಗಿಯ ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಕಿವಿಯಲ್ಲಿ ಅರಳೆ. ಮೈಮೇಲೆ ದುಪಟಿ. ಹೊರಸಿನ ಕೆಳಗೆ ಕೆಂಡದ ಬುಟ್ಟಿ ನಿಗಿನಿಗಿ ಎನ್ನುತ್ತಿತ್ತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಕಣ್ಣು ಕೆಂಪಗಾಗಿದ್ದವು. ಬಾಗಿಲು ತೆಗೆದು ತಿರುಗಿ ಹೋಗಿ ಹೊರಸಿನ ಮೇಲೆ, ಕೂಸು ಮಲಗುತ್ತಿದ್ದ ಕಡೆಯೇ, ಮೈಮುದುಡಿ ಮಲಗಿದಳು.

“ಏನ ಮಾಡಾಕತ್ತಿ ಅವ್ವಾ? ಸಾಯಬೇಕಂತ ಮಾಡಿಯೇನ?”

“ಕೂಸಿಗೆ ಹೆಂಗ ಆಗಿತ್ತು ನೋಡಾಕತ್ತೀನಿ.”

“ಸಾಕು, ಏಳು. ಹೊರಗ ಬಾ.”

ಅವ್ವ ಕಣ್ಣು ತೆರೆಯಲಿಲ್ಲ. “ಇನ್ನ ಬಿಸಿಲ ಇಳದಿಲ್ಲ. ಕೂಸಿಗೆ ಹೊರಗ ಬರಾಕ ಬರ್ತಿತ್ತೇನ?”

ನಾನು ಹೊಸ್ತಿಲಿಲ್ಲದ ಆ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅವಳ ಪಕ್ಕದಲ್ಲಿ ಕುಳಿತೆ.